ಲೆಕ್ಕಕ್ಕೆ ಸಿಗದ ಸೈಕಲ್ಲುಗಳು

ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಕಡತಗಳಲ್ಲಿ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಜಿಲ್ಲೆಗೆ ಎಷ್ಟನೆಯ ಸ್ಥಾನ ಬಂತೆಂದು ಪತ್ರಿಕೆಗಳು ಬರೆಯುತ್ತವೆ. ಉಳಿದ ದಿನಗಳಲ್ಲಿ ಆ ಹೆಸರು ರಾಜಧಾನಿಯ ಕಿವಿಗೆ ಬೀಳುವುದು ಅಪರೂಪ. ಮಳೆ ಕಡಿಮೆಯಿರುವ ಬಯಲು ಸೀಮೆ ಇದು. ಕಡಲೆಕಾಯಿ, ರಾಗಿ, ಹುರುಳಿ ಬೆಳೆಯುವ ಹೊಲಗಳ ನಡುವೆ ಹಳ್ಳಿಗಳು ದೂರ ದೂರಕ್ಕೆ ಚದುರಿಕೊಂಡಿವೆ. ಹಲವು ಹಳ್ಳಿಗಳಲ್ಲಿ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟಕ್ಕೆ ಸೇರುವ ಮಗು ಹೋಬಳಿ ಕೇಂದ್ರದಲ್ಲಿಯೋ ರಸ್ತೆ ಬದಿಯ ದೊಡ್ಡ ಊರಿನಲ್ಲಿಯೋ ಇರುವ ಪ್ರೌಢಶಾಲೆಗೆ ದಿನವೂ ಹೋಗಿ ಬರಬೇಕು. ಈ ನಡುವಿನ ದಾರಿಯಲ್ಲಿಯೇ ಎಷ್ಟೋ ಹೆಣ್ಣುಮಕ್ಕಳ ಓದು ನಿಂತುಹೋಗುತ್ತಿತ್ತು.

ಆ ದಾರಿಗೆಂದು ಸರ್ಕಾರ 2006-07ರಲ್ಲಿ ಸೈಕಲ್ ಕೊಟ್ಟಿತು. ಮೊದಲು ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ, ಮರುವರ್ಷದಿಂದ ಗಂಡುಮಕ್ಕಳಿಗೂ. ರಾಜಕೀಯದವರು ಹಂಚಿದ ವಸ್ತುಗಳಲ್ಲಿ ಇದರಷ್ಟು ಸದ್ದಿಲ್ಲದೆ ಕೆಲಸ ಮಾಡಿದ್ದು ಬಹುಶಃ ಬೇರೊಂದಿಲ್ಲ. ಅದೇ 2006ರಲ್ಲಿ ಇಂತಹುದೇ ಯೋಜನೆ ಆರಂಭಿಸಿದ ಬಿಹಾರದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನ, ಸರಿಯಾದ ವಯಸ್ಸಿಗೆ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಸೈಕಲ್ಲಿನಿಂದಾಗಿ ಶೇ 32ರಷ್ಟು ಹೆಚ್ಚಿತೆಂದು ಕಂಡುಕೊಂಡಿತು. ನಮ್ಮ ಕಡೆ ಅಂಥ ಅಧ್ಯಯನ ಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶಾಲೆಯ ಕಾಂಪೌಂಡಿನೊಳಗೆ ಸಾಲಾಗಿ ನಿಂತ ಒಂದೇ ಬಣ್ಣದ ಸೈಕಲ್ಲುಗಳು ಎಲ್ಲವನ್ನೂ ಹೇಳುತ್ತಿದ್ದವು.

ಸರಿಸುಮಾರು ಅದೇ ಕಾಲದಲ್ಲಿ ಇದೇ ಸೀಮೆಯಲ್ಲಿ ಇನ್ನೊಂದು ಸರ್ಕಾರಿ ಕೆಲಸ ನಡೆಯಿತು. 1999ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಸುವರ್ಣ ಚತುಷ್ಕೋನ ಯೋಜನೆಯಡಿ ಬೆಂಗಳೂರು–ಪುಣೆ ಹೆದ್ದಾರಿ ಅಗಲವಾಯಿತು. ತುಮಕೂರು ದಾಟಿ ಸೀಬಿ, ಕಳ್ಳಂಬೆಳ್ಳ, ಶಿರಾ, ತಾವರೆಕೆರೆ ಮೂಲಕ ಹಿರಿಯೂರಿಗೆ ಹೋಗುವ ಈ ರಸ್ತೆಗೆ ಆಗ ರಾಷ್ಟ್ರೀಯ ಹೆದ್ದಾರಿ 4 ಎಂಬ ಹೆಸರಿತ್ತು. ಸಂಖ್ಯೆ ಬದಲಾದ ಮೇಲೆ ಅದು 48 ಆಗಿದೆ. ಎರಡು ಪಥ ನಾಲ್ಕಾಯಿತು, ನಡುವೆ ವಿಭಜಕ ಬಂತು. ಬೆಂಗಳೂರಿನಿಂದ ಶಿರಾ ತಲುಪಲು ಬೇಕಾಗುತ್ತಿದ್ದ ಹೊತ್ತು ಎಷ್ಟೋ ಕಡಿಮೆಯಾಯಿತು. ಯಾರೂ ಬೇಡವೆನ್ನಲಾರದ ಅನುಕೂಲ ಅದು. ಆದರೆ ಮಗುವಿನ ಕೈಗೆ ಸೈಕಲ್ ಕೊಟ್ಟ ಇಲಾಖೆಗೂ ಅದೇ ಮಗುವಿನ ಊರ ಮುಂದೆ ನೂರು ಕಿಲೊಮೀಟರ್ ವೇಗದ ರಸ್ತೆ ಹಾಸಿದ ಪ್ರಾಧಿಕಾರಕ್ಕೂ ಪರಸ್ಪರ ಒಂದು ಪತ್ರದ ವ್ಯವಹಾರವೂ ಇರಬೇಕಾಗಿರಲಿಲ್ಲ. ನಿಯಮಗಳಲ್ಲಿ ಎಲ್ಲಿಯೂ ಹಾಗೆ ಬರೆದಿರಲಿಲ್ಲ. ಎರಡು ಯೋಜನೆಗಳು ಭೇಟಿಯಾದದ್ದು ಡಾಂಬರಿನ ಅಂಚಿನಲ್ಲಿ.

ಹೆದ್ದಾರಿಯ ಮೇಲೆ ಸೈಕಲ್ ತುಳಿಯುವುದೆಂದರೆ ಏನೆಂಬುದು ಕಾರಿನ ಕಿಟಕಿಯಿಂದ ತಿಳಿಯುವಂಥದ್ದಲ್ಲ. ಎಡ ಅಂಚಿನ ಬಿಳಿ ಗೆರೆಯಿಂದಾಚೆ ಇರುವ ಒಂದೆರಡು ಮೀಟರ್ ಜಾಗವೇ ಸೈಕಲ್ಲಿನವನ ಪಾಲು. ಅಲ್ಲಿಯೇ ಕೆಟ್ಟು ನಿಂತ ಲಾರಿ, ಒಡೆದ ಟಯರಿನ ಚೂರು, ಮಳೆ ತಂದು ಗುಡ್ಡೆ ಹಾಕಿದ ಜಲ್ಲಿ, ಎಳನೀರು ಮಾರುವವನ ಗಾಡಿ. ನಿಂತ ಲಾರಿಯನ್ನು ಬಳಸಲು ಬಿಳಿ ಗೆರೆ ದಾಟಿ ಒಳಬರಲೇಬೇಕು. ಹಿಂದೆ ಏನು ಬರುತ್ತಿದೆಯೆಂದು ತಿರುಗಿ ನೋಡಿದರೆ ಹ್ಯಾಂಡಲ್ ಅತ್ತಲೇ ವಾಲುತ್ತದೆ. ಭಾರಿ ಲಾರಿ ಪಕ್ಕದಲ್ಲಿ ಹಾದುಹೋಗುವಾಗ ಗಾಳಿ ಮೊದಲು ಹೊರಕ್ಕೆ ತಳ್ಳಿ, ಮರುಕ್ಷಣ ಒಳಕ್ಕೆ ಸೆಳೆಯುತ್ತದೆ. ಕ್ಯಾರಿಯರಿನ ಮೇಲೆ ಪುಸ್ತಕದ ಚೀಲವಿದ್ದು, ಸೀಟು ಎತ್ತರವಾಗಿ ಕಾಲು ನೆಲಕ್ಕೆ ಎಟುಕದ ಹದಿಮೂರು ವರ್ಷದ ಹುಡುಗಿಗೆ ಆ ಎರಡು ಕ್ಷಣ ಸಾಕು. ಸಂಜೆಯಾದರೆ ಇನ್ನೂ ಕಷ್ಟ. ಡೈನಮೊ ದೀಪದ ಕಾಲ ಮುಗಿದಿದೆ. ಹಿಂದಿನ ಮಡ್‌ಗಾರ್ಡಿನ ಮೇಲಿರುವ ಕೆಂಪು ರಿಫ್ಲೆಕ್ಟರ್ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಒಡೆದೋ ಮಣ್ಣು ಮೆತ್ತಿಯೋ ಕುರುಡಾಗಿರುತ್ತದೆ.

ತಪ್ಪು ದಿಕ್ಕಿನಲ್ಲಿ ಸೈಕಲ್ ಹೊಡೆಯುತ್ತಾರೆಂಬ ದೂರು ಬಹಳ ಹಳೆಯದು. ದೂರು ಸುಳ್ಳಲ್ಲ, ಆದರೆ ಅದಕ್ಕೊಂದು ಕಾರಣವಿದೆ. ಶಾಲೆ ರಸ್ತೆಯ ಆಚೆ, ಊರು ಈಚೆ, ನಡುವೆ ವಿಭಜಕ. ಸರಿಯಾದ ದಾರಿ ಹಿಡಿಯಬೇಕೆಂದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕು. ಕಾರಿಗೆ ಅದು ಎರಡು ನಿಮಿಷ. ಸೈಕಲ್ಲಿಗೆ ಎದುರುಗಾಳಿಯಲ್ಲಿ ಅರ್ಧ ಗಂಟೆಯೂ ಆದೀತು. ಆದ್ದರಿಂದ ಮಕ್ಕಳು ವಿಭಜಕದ ಮೇಲೆ ಸೈಕಲ್ ಎತ್ತಿ ಆಚೆಗಿಡುತ್ತಾರೆ, ಇಲ್ಲವೇ ಎದುರು ದಿಕ್ಕಿನಲ್ಲಿ ಅಂಚಿಗಂಟಿಕೊಂಡು ಹೋಗುತ್ತಾರೆ. ಹೆದ್ದಾರಿಯ ನಕ್ಷೆ ಬರೆದವರು ಊರಿಂದೂರಿಗೆ ಹೋಗುವವರನ್ನು ನೆನಪಿಟ್ಟುಕೊಂಡರು. ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುವವರನ್ನು ಅಷ್ಟಾಗಿ ನೆನೆಯಲಿಲ್ಲ.

ವೇಗದ ಲೆಕ್ಕ ಸರಳವಾಗಿದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಗಂಟೆಗೆ 15 ಕಿ.ಮೀ.ನಲ್ಲಿ ಹೋಗುವ ಸೈಕಲ್ ಸೆಕೆಂಡಿಗೆ ಕ್ರಮಿಸುವುದು ನಾಲ್ಕು ಮೀಟರ್. ನೂರು ಮೀಟರ್ ದೂರದಲ್ಲಿ ಸೈಕಲ್ ಕಣ್ಣಿಗೆ ಬಿದ್ದರೂ ಚಾಲಕನಿಗೆ ಸಿಗುವುದು ನಾಲ್ಕೇ ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ಕಂಡದ್ದೇನೆಂದು ಅರಿಯುವುದರಲ್ಲೇ ಕಳೆಯುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಕಾಲ್ನಡಿಗೆಯವರು ಮತ್ತು ಸೈಕಲ್ಲಿನವರು ವಾಹನಗಳೊಡನೆ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮಿತಿ ಇರಬೇಕೆಂದು 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ಸಮ್ಮೇಳನ ಘೋಷಿಸಿದ್ದು ಈ ಗಣಿತದ ಆಧಾರದ ಮೇಲೆಯೇ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಸೈಕಲ್ಲಿನಿಂದ ಇನ್ನೊಬ್ಬರು ಸತ್ತ ಸುದ್ದಿಯನ್ನು ಮಾತ್ರ ನಾವು ಓದುವುದೇ ಇಲ್ಲವೆನ್ನಬೇಕು.

ಇದು ಹೆದ್ದಾರಿಯ ಪಕ್ಕದ ಊರುಗಳ ಪಾಡು ಮಾತ್ರ ಎಂದುಕೊಳ್ಳುವಂತಿಲ್ಲ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿ ಹೆದ್ದಾರಿಯಿಂದ ಒಳಗೆ, ಆಂಧ್ರದ ಗಡಿಯ ಕಡೆಗಿದೆ. ಇಂತಹ ಒಳನಾಡಿನ ರಸ್ತೆಗಳು ಬಹುಕಾಲ ಒಂದೇ ಪಥದವಾಗಿದ್ದವು: ಮೂರೂಮುಕ್ಕಾಲು ಮೀಟರ್ ಡಾಂಬರು, ಅದರಲ್ಲಿಯೂ ಗುಂಡಿ. ಎದುರಿಗೆ ಗಾಡಿ ಬಂದರೆ ಬಸ್ಸೂ ನಿಧಾನಿಸಬೇಕು, ಕಾರೂ ಮಣ್ಣಿಗಿಳಿಯಬೇಕು. ಆ ಇಕ್ಕಟ್ಟು ಎಲ್ಲರಿಗೂ ಕಿರಿಕಿರಿಯೇ ಆಗಿದ್ದರೂ ಸೈಕಲ್ಲಿನ ಮಗುವಿಗೆ ರಕ್ಷಣೆಯಾಗಿತ್ತು. ಜನ ಮನವಿ ಕೊಟ್ಟು, ಧರಣಿ ಕೂತು ರಸ್ತೆ ಮಾಡಿಸಿಕೊಳ್ಳುತ್ತಾರೆ. ಮೂರೂಮುಕ್ಕಾಲು ಮೀಟರ್ ಐದೂವರೆಯಾಗುತ್ತದೆ, ಮುಂದೆ ಏಳಾಗುತ್ತದೆ. ಈಗ ಯಾರೂ ನಿಧಾನಿಸಬೇಕಾಗಿಲ್ಲ. ಕೆಲವೇ ತಿಂಗಳಲ್ಲಿ ಶಾಲೆಯ ತಿರುವಿನಲ್ಲಿ ಒಂದು ಸಾವಾಗುತ್ತದೆ. ಅದೇ ಜನ ಅದೇ ರಸ್ತೆಯನ್ನು ತಡೆದು ಹಂಪ್ಸ್ ಹಾಕಿಸಿ ಎನ್ನುತ್ತಾರೆ. ರಾತ್ರೋರಾತ್ರಿ ಬಣ್ಣವಿಲ್ಲದ, ಫಲಕವಿಲ್ಲದ, ಅಳತೆಯಿಲ್ಲದ ದಿಬ್ಬವೊಂದು ಏಳುತ್ತದೆ. ಮುಂದೆ ಅದಕ್ಕೆ ಬೈಕಿನವರು ಬೀಳುತ್ತಾರೆ. ನಮ್ಮಲ್ಲಿ ರಸ್ತೆ ಸುರಕ್ಷತೆಯ ಎಂಜಿನಿಯರಿಂಗ್ ನಡೆಯುವುದು ಹೆಚ್ಚಾಗಿ ಹೀಗೆ, ಹೆಣದ ಮುಂದೆ.

ಸುಗ್ಗಿಯ ಕಾಲದ ಮಾತು ಬೇರೆ. ಕಣ ಮಾಡುವ ಪದ್ಧತಿ ಕಡಿಮೆಯಾದ ಮೇಲೆ ರಾಗಿ, ಹುರುಳಿಯ ಒಕ್ಕಣೆ ಡಾಂಬರಿನ ಮೇಲೆ ನಡೆಯುತ್ತಿದೆ. ರಸ್ತೆಯ ಅರ್ಧಕ್ಕೆ ಹುಲ್ಲು ಹರಡಿ, ತುದಿಗೊಂದು ಕಲ್ಲಿಡುತ್ತಾರೆ. ಕಾರು ಅದರ ಮೇಲೆ ಹರಿದರೆ ರೈತನಿಗೆ ಲಾಭ. ಸೈಕಲ್ಲಿಗೆ ಅದು ಜಾರುವ ನೆಲ, ಆದ್ದರಿಂದ ಅದು ನಡುರಸ್ತೆಗೆ ಬರುತ್ತದೆ. ರೈತನನ್ನು ಬೈದು ಪ್ರಯೋಜನವಿಲ್ಲ. ಒಕ್ಕಣೆಗೆ ಊರಿಗೊಂದು ಸಿಮೆಂಟಿನ ಕಣ ಕೊಡುವುದೂ ರಸ್ತೆ ಸುರಕ್ಷತೆಯ ಕೆಲಸವೇ.

ಹಾಗಾದರೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಮಕ್ಕಳು ಏನಾದರು? ಕೋವಿಡ್ ಬಂದ ವರ್ಷ, ಎಂದರೆ 2020-21ರಿಂದ ಸೈಕಲ್ ವಿತರಣೆ ನಿಂತಿತು; ಮತ್ತೆ ಆರಂಭಿಸುವ ಮಾತು ಆಗಾಗ ಕೇಳಿಬಂದಿದೆ. (ದೇಶದ ಹಳೆಯ ಹೆಸರುಗಳಲ್ಲೊಂದಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದೂ 2020ರಲ್ಲೇ, ಅದೂ ಜೂನ್ 3ರ ವಿಶ್ವ ಬೈಸಿಕಲ್ ದಿನದಂದು.) ವಿತರಣೆ ನಿಲ್ಲುವ ಮೊದಲೇ ಅನೇಕ ತಂದೆತಾಯಿಯರು ಹೆದ್ದಾರಿಗೆ ಹೆದರಿ ಸೈಕಲ್ಲನ್ನು ಮನೆಯ ಗೋಡೆಗೆ ಒರಗಿಸಿದ್ದರು. ಶಕ್ತರಾದವರು ಮಗನಿಗೆ ಮೊಪೆಡ್ ಕೊಟ್ಟರು. ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಹಳ್ಳಿಯಲ್ಲಿ ಆ ಕಾನೂನಿನ ಹೆಸರು ಕೇಳಿದವರು ಕಡಿಮೆ. ಉಳಿದವರು ಆಟೊದ ಹಿಂದೆ ಜೋತುಬಿದ್ದರು, ಇಲ್ಲವೇ ಬಸ್ಸಿಗೆ ಕಾದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ದೊಡ್ಡ ಅನುಕೂಲವೇ ಸರಿ, ಆದರೆ ಶಾಲೆಯ ಹೊತ್ತಿಗೆ ಬಸ್ಸು ಬರುವ ಊರಿನವರಿಗೆ ಮಾತ್ರ.

ಬಸ್ಸಿಗೆ ಕಾಯುವುದೂ ಅಪಾಯವಿಲ್ಲದ ಆಯ್ಕೆಯಲ್ಲ. 2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ ಖಾಸಗಿ ಬಸ್ಸು ಪಳವಳ್ಳಿ ಬಳಿ ಮಗುಚಿ, ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಬಸ್ಸು ಕಿಕ್ಕಿರಿದಿತ್ತು. ಅದೇ ವರ್ಷದ ಆಗಸ್ಟ್ 25ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಬಾಳೇನಹಳ್ಳಿ ಬಳಿ ಹೆದ್ದಾರಿಯಲ್ಲಿ ಲಾರಿಗೂ ಕ್ರೂಸರಿಗೂ ಡಿಕ್ಕಿಯಾಗಿ, ಕೂಲಿ ಅರಸಿ ಬೆಂಗಳೂರಿಗೆ ಹೊರಟಿದ್ದ ರಾಯಚೂರು ಕಡೆಯ ಒಂಬತ್ತು ಮಂದಿ ಸತ್ತರು. ಆ ಸಾವುಗಳಿಗೆ ಪ್ರಧಾನಿ, ಮುಖ್ಯಮಂತ್ರಿ ಸಂತಾಪ ಸೂಚಿಸಿದರು, ಸೂಚಿಸಬೇಕಾದದ್ದೇ. ಒಬ್ಬೊಬ್ಬರಾಗಿ ಸಾಯುವ ಸೈಕಲ್ ಸವಾರರ ಸುದ್ದಿ ಜಿಲ್ಲಾ ಪುಟದ ಕೆಳಗಿನ ಮೂಲೆಯಲ್ಲಿ ಮೂರು ಸಾಲಿಗೆ ಮುಗಿಯುತ್ತದೆ, ‘ಅಪರಿಚಿತ ವಾಹನ’ ಎಂಬ ಪದದೊಂದಿಗೆ. ಅಪರಿಚಿತ ವಾಹನ ಹೊಡೆದು ಸತ್ತವರ ಕುಟುಂಬಕ್ಕೆ 2022ರ ಏಪ್ರಿಲ್‌ನಿಂದ ಎರಡು ಲಕ್ಷ ರೂಪಾಯಿ ಪರಿಹಾರವಿದೆ. ಅರ್ಜಿ ಹಾಕಬೇಕೆಂದು ತಿಳಿದವರಿಗೆ ಅದು ಸಿಕ್ಕೀತು.

ಎಂಜಿನಿಯರುಗಳಿಗೆ ಈ ಸಮಸ್ಯೆ ಹೊಸದೇನಲ್ಲ ಎಂಬುದು ಸೋಜಿಗ. ಭಾರತೀಯ ರಸ್ತೆ ಕಾಂಗ್ರೆಸ್ ಸೈಕಲ್ ಪಥಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದ್ದು 1962ರಲ್ಲಿ. ಗಂಟೆಗೆ 100ರಿಂದ 200 ಮೋಟಾರು ವಾಹನಗಳು ಹೋಗುವ ರಸ್ತೆಯಲ್ಲಿ ದಟ್ಟಣೆಯ ಹೊತ್ತಿಗೆ 400 ಸೈಕಲ್ಲುಗಳಿದ್ದರೆ ಪ್ರತ್ಯೇಕ ಪಥ ಬೇಕು. ವಾಹನಗಳು 200 ದಾಟಿದರೆ 100 ಸೈಕಲ್ಲುಗಳಿದ್ದರೂ ಸಾಕು ಎಂದು ಅದು ಹೇಳಿತ್ತು. ಪಥದ ಅಗಲ ಕನಿಷ್ಠ ಎರಡು ಮೀಟರ್. ಕಾರು ವಿರಳವಾಗಿದ್ದ ಕಾಲದಲ್ಲಿ ಬರೆದ ಈ ನಿಯಮದಲ್ಲಿ ದೂರದೃಷ್ಟಿಯಿತ್ತು. ಒಂದು ಬಲೆಯೂ ಇತ್ತು. ಅದು ರಸ್ತೆಯ ಮೇಲಿರುವ ಸೈಕಲ್ಲನ್ನು ಎಣಿಸುತ್ತದೆ. ಭಯದಿಂದ ಮನೆಯಲ್ಲಿಯೇ ಉಳಿದ ಸೈಕಲ್ಲನ್ನು ಎಣಿಸುವುದಿಲ್ಲ. ರಸ್ತೆ ಅಪಾಯಕಾರಿಯಾದಷ್ಟೂ ಸೈಕಲ್ ಕಡಿಮೆ, ಸೈಕಲ್ ಕಡಿಮೆಯಾದಷ್ಟೂ ಪಥ ಅನಗತ್ಯ. ನದಿ ಈಜುವವರು ಯಾರೂ ಇಲ್ಲ, ಆದ್ದರಿಂದ ಸೇತುವೆ ಬೇಡ ಎಂದಂತೆ. ಮಾರ್ಗಸೂಚಿ 2015ರಲ್ಲಿ ಪರಿಷ್ಕಾರಗೊಂಡಿದೆ. ಆದರೂ ‘ಇಲ್ಲಿ ಸೈಕಲ್ ಎಲ್ಲಿದೆ ಸ್ವಾಮಿ?’ ಎಂಬ ಉತ್ತರ ಮಾತ್ರ ಕಚೇರಿಗಳಿಂದ ಮಾಯವಾಗಿಲ್ಲ. 2011ರ ಜನಗಣತಿಯ ಪ್ರಕಾರ, ಕೃಷಿಯೇತರ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರು ದೇಶದಲ್ಲಿ ಎರಡೂವರೆ ಕೋಟಿಗೂ ಮಿಕ್ಕಿದ್ದರು. ಹೊಲಕ್ಕೆ ಹೋಗುವವರೂ ಶಾಲೆಗೆ ಹೋಗುವವರೂ ಆ ಸಂಖ್ಯೆಯಲ್ಲಿ ಸೇರಿಲ್ಲ.

ಸೈಕಲ್ಲಿನ ಬಗ್ಗೆ ರಾಜ್ಯದಲ್ಲಿ ಚರ್ಚೆಯೇ ನಡೆದಿಲ್ಲವೆಂದಲ್ಲ. ಜಯನಗರದಲ್ಲಿ 2012ರಲ್ಲಿ ಸೈಕಲ್ ಪಥ ಬಂತು, ಬಹುಬೇಗ ಅದು ಕಾರು ನಿಲ್ಲಿಸುವ ಜಾಗವಾಯಿತು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಆರಂಭವಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಬೊಲಾರ್ಡ್ ನೆಟ್ಟು ಪಥ ಗುರುತಿಸಿದರು. ಈ ಪ್ರಯತ್ನಗಳೆಲ್ಲ ನಗರದವು. ಆರೋಗ್ಯಕ್ಕಾಗಿ, ಪರಿಸರಕ್ಕಾಗಿ ಸೈಕಲ್ ಹಿಡಿದವರು ಮತ್ತು ಅವರ ಪರವಾಗಿ ಇಂಗ್ಲಿಷಿನಲ್ಲಿ ಬರೆಯಬಲ್ಲವರು ಅವುಗಳ ಹಿಂದಿದ್ದರು. ಅವರ ಹಟ ಮೆಚ್ಚುವಂಥದ್ದೇ. ಬೇರೆ ವಾಹನವಿಲ್ಲವೆಂಬ ಒಂದೇ ಕಾರಣಕ್ಕೆ ಸೈಕಲ್ ತುಳಿಯುವವರ ಪರವಾಗಿ ಅಂಥ ಸಂಘ ಒಂದೂ ಹುಟ್ಟಲಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೇರೆಯೇ ಬಗೆಯ ಪರಿಹಾರ ಕಂಡಿತು. ಸಾವುಗಳು ಹೆಚ್ಚಿದ ಮೇಲೆ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರು ಹಾಗೂ ಮೋಟಾರಿಲ್ಲದ ವಾಹನಗಳನ್ನು ನಿಷೇಧಿಸಲಾಯಿತು. ನೂರರ ವೇಗದ ಪಥದಲ್ಲಿ ಸೈಕಲ್ಲಿಗೆ ಜಾಗವಿಲ್ಲವೆಂಬುದನ್ನು ಈ ಲೇಖಕನೂ ಒಪ್ಪುತ್ತಾನೆ. ಹಕ್ಕಿನ ಮಾತಾಡಿ ಮಗುವನ್ನು ಲಾರಿಯ ಮುಂದೆ ನಿಲ್ಲಿಸಲಾಗದು. ಆದರೆ ಅಲ್ಲಿ ನಿಷೇಧಕ್ಕೆ ಮೊದಲು ಸರ್ವಿಸ್ ರಸ್ತೆಯಿತ್ತು. ಬೇರೆ ಹೆದ್ದಾರಿಗಳಲ್ಲಿ ಸರ್ವಿಸ್ ರಸ್ತೆ ಸಾಮಾನ್ಯವಾಗಿ ಊರಿನ ಬಳಿ ಹುಟ್ಟಿ, ಊರು ಮುಗಿದೊಡನೆ ಹೆದ್ದಾರಿಗೇ ಬಂದು ಸೇರುತ್ತದೆ. ಹಳ್ಳಿಗೂ ಶಾಲೆಗೂ ನಡುವಿನ ಮೂರು ಕಿಲೊಮೀಟರ್ ಇರುವುದೇ ಆ ಸೇರುವಿಕೆಯ ಆಚೆ. ಅಂತಹ ಕಡೆ ಸೈಕಲ್ಲನ್ನು ನಿಷೇಧಿಸಿದರೆ ಅದು ಸುರಕ್ಷತೆಯಾಗದು, ಮಗುವನ್ನು ಶಾಲೆಯಿಂದ ದೂರವಿಟ್ಟಂತೆಯೇ ಆಗುತ್ತದೆ.

ಇಂದು ಸೈಕಲ್ಲಿನ ದೇಶವೆನಿಸಿಕೊಂಡಿರುವ ನೆದರ್ಲೆಂಡ್ಸ್ ಹುಟ್ಟಿನಿಂದಲೇ ಹಾಗಿರಲಿಲ್ಲ. ಯುದ್ಧಾನಂತರ ಅದೂ ಕಾರಿಗಾಗಿ ರಸ್ತೆ ಅಗಲಿಸಿತು. 1971ರ ಒಂದೇ ವರ್ಷ ಅಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300. ಅದರಲ್ಲಿ ಮಕ್ಕಳೇ ನಾನೂರಕ್ಕೂ ಹೆಚ್ಚು. ಮಗಳನ್ನು ಹಾಗೆ ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಯ್ಸೆನ್ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹದಡಿ ಲೇಖನ ಬರೆದರು. ಅದೇ ಹೆಸರಿನ ಚಳವಳಿ ಹುಟ್ಟಿತು, ತಾಯಂದಿರು ಮಕ್ಕಳೊಡನೆ ರಸ್ತೆಗಿಳಿದರು. ಮರುವರ್ಷ ತೈಲ ಬಿಕ್ಕಟ್ಟು ಬಂದದ್ದೂ ಚಳವಳಿಗೆ ನೆರವಾಯಿತು. ಅಲ್ಲಿನವರು ‘ಅಪಘಾತ’ ಎನ್ನದೆ ‘ಕೊಲೆ’ ಎಂದದ್ದರಿಂದ ಹೊಣೆ ಯಾರದೆಂಬ ಪ್ರಶ್ನೆ ತಾನಾಗಿ ಎದ್ದಿತು. ನಮ್ಮಲ್ಲಿ ಆ ಪ್ರಶ್ನೆ ಚಾಲಕನ ಹೆಸರು ಸಿಕ್ಕೊಡನೆ ಮುಗಿದುಹೋಗುತ್ತದೆ.

ಕಾನೂನು ಪೂರ್ತಿ ಮೂಕವಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 198ಎ ಕಲಮಿನಂತೆ, ರಸ್ತೆಯ ವಿನ್ಯಾಸದಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಸಂಸ್ಥೆಗೋ ಗುತ್ತಿಗೆದಾರನಿಗೋ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಾವಿರಾರು ಕೋಟಿಯ ಕಾಮಗಾರಿಗೆ ಒಂದು ಲಕ್ಷ! ಅದೇ ತಿದ್ದುಪಡಿಯ 138(1ಎ) ಕಲಮು, ಮೋಟಾರಿಲ್ಲದ ವಾಹನಗಳು ಮತ್ತು ಪಾದಚಾರಿಗಳು ರಸ್ತೆ ಬಳಸುವ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತದೆ. ರಾಷ್ಟ್ರೀಯ ಹೆದ್ದಾರಿಯ ಮಟ್ಟಿಗೆ ಪ್ರಾಧಿಕಾರದೊಡನೆ ಸಮಾಲೋಚಿಸಬೇಕು. ವರ್ಷಗಳು ಕಳೆದರೂ ನಿಯಮ ಬಾರದಿದ್ದಾಗ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 7ರಂದು ರಾಜ್ಯಗಳಿಗೆ ಆರು ತಿಂಗಳ ಗಡುವು ವಿಧಿಸಿತು. ನಿಯಮ ಬರೆಯುವವರು ಬೆಂಗಳೂರಿನ ಪಾದಚಾರಿ ಮಾರ್ಗಗಳನ್ನಷ್ಟೇ ಕಣ್ಣಮುಂದಿಟ್ಟುಕೊಂಡರೆ ಹುಲಿಕುಂಟೆಯ ರಸ್ತೆ ಅದರೊಳಗೆ ಬಾರದು.

ಬರಬೇಕಾದರೆ ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಎಲ್ಲ ರಸ್ತೆಗೂ ಸೈಕಲ್ ಪಥ ಹಾಸಲು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಯಾವ ಪ್ರೌಢಶಾಲೆಗೆ ಯಾವ ಹಳ್ಳಿಯಿಂದ ಎಷ್ಟು ಮಕ್ಕಳು ಬರುತ್ತಾರೆಂಬ ಪಟ್ಟಿ ಮಧುಗಿರಿಯ ಉಪನಿರ್ದೇಶಕರ ಕಚೇರಿಯ ವ್ಯಾಪ್ತಿಯಲ್ಲಿ, ಪ್ರತಿ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೇ ಇದೆ. ಯಾವ ರಸ್ತೆ ಯಾವಾಗ ಅಗಲವಾಗಲಿದೆಯೆಂಬ ಪಟ್ಟಿ ಲೋಕೋಪಯೋಗಿ ಇಲಾಖೆಯ ಬಳಿಯಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿದರೆ ಎರಡು ಮೀಟರ್ ಅಗಲದ ಗಟ್ಟಿ ಅಂಚು ಎಲ್ಲಿ ಬೇಕು, ಸರ್ವಿಸ್ ರಸ್ತೆಯನ್ನು ಎಲ್ಲಿಯವರೆಗೆ ಎಳೆಯಬೇಕು, ಯಾವ ಶಾಲೆಯ ಮುಂದೆ ವೇಗವನ್ನು 30ಕ್ಕೆ ಇಳಿಸಬೇಕು, ಯಾವ ಹಳ್ಳಿಗೆ ಅಂಡರ್‌ಪಾಸ್ ಬಿಟ್ಟುಹೋಗಿದೆ ಎಂಬುದು ಒಂದು ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ. ರಸ್ತೆ ಸುರಕ್ಷತೆಗೆಂದು ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯಿದೆ. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳ ಅಧಿಕಾರಿಗಳು ಅಲ್ಲಿ ಕೂರುತ್ತಾರೆ. ಶಿಕ್ಷಣ ಇಲಾಖೆಯನ್ನೂ ಅಲ್ಲಿಗೆ ಕರೆಯಬೇಕು, ಶಾಲಾ ದಾಖಲಾತಿಯ ಪಟ್ಟಿ ಹಿಡಿದು ಬರುವಂತೆ.

ಪಟ್ಟಿಯಲ್ಲಿ ಇಂದು ಸೈಕಲ್ಲಿನಲ್ಲಿ ಬರುವ ಮಕ್ಕಳ ಹೆಸರಷ್ಟೇ ಸಾಲದು. ಏಳನೆಯ ತರಗತಿ ಮುಗಿಸಿ ಎಂಟಕ್ಕೆ ಸೇರದೆ ಉಳಿದವರು, ಮನೆಯಲ್ಲಿ ಸೈಕಲ್ ಇದ್ದೂ ಆಟೊದಲ್ಲಿ ಬರುವವರು, ಪರವಾನಗಿಯಿಲ್ಲದೆ ಮೊಪೆಡ್ ಹತ್ತಿದವರು, ಇವರೆಲ್ಲರನ್ನೂ ಬರೆದುಕೊಳ್ಳಬೇಕು. ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರಿಗೂ ಈ ಹೆಸರುಗಳು ಬಾಯಿಪಾಠವಾಗಿವೆ. ಇದುವರೆಗೆ ರಸ್ತೆ ಮಾಡುವವರು ಅವರನ್ನು ಕೇಳಿಲ್ಲ.